ಸುಳ್ಳು ಫೋನಿನ ಗಮ್ಮತ್ತು

ಮಕ್ಕಳೇ, ವಾಲಿಬಾಲ್ ಮುಗಿಸಿ ಕಟ್ಟೆಯಲ್ಲಿ ಕೂತು ನೀವು ಆಡುವ ಮಾತು ನನ್ನ ಕಿವಿಗೂ ಬೀಳುತ್ತದೆ. "ಅವನ ಮನೆಗೆ ಒಂದು ಸಲ 112 ಗಾಡಿ ಕಳಿಸಬೇಕು, ಗಮ್ಮತ್ತು ನೋಡಬೇಕು" ಅಂತ. ಗಮ್ಮತ್ತು ಯಾರಿಗೆ ಮಾರಾಯ?

ನಮ್ಮ ಪೆರಾಬೆಯ ಮನೆಗಳನ್ನೇ ನೋಡಿ. ಒಂದರಿಂದ ಇನ್ನೊಂದಕ್ಕೆ ನಡುವೆ ತೋಟ, ಗುಡ್ಡೆ. ಹಂದಿ ಮಂಗಗಳ ಕಾಟಕ್ಕೆಂದು ಲೈಸನ್ಸಿನ ಕೋವಿ ಇಟ್ಟುಕೊಂಡವರು ಈ ಕಡೆ ಕಡಿಮೆಯಿಲ್ಲ. ಚುನಾವಣೆ ಬಂತೆಂದರೆ ಅದನ್ನು ಠಾಣೆಯಲ್ಲಿ ಠೇವಣಿ ಇಡುವ ತಾಪತ್ರಯ ಎಂಥದ್ದೆಂದು ಹಿರಿಯರನ್ನು ಕೇಳಿ. ಈಗ ನಡುರಾತ್ರಿ ಯಾರೋ ಒಬ್ಬ, "ಇಂಥವನು ಕೋವಿ ಹಿಡಿದು ಹೆಂಡತಿ ಮಕ್ಕಳನ್ನು ಕೂಡಿಹಾಕಿದ್ದಾನೆ" ಎಂದು ಫೋನು ಮಾಡಿದ ಅಂತಿಟ್ಟುಕೊಳ್ಳಿ. ಬಂದ ಪೊಲೀಸರಿಗೆ ಮನೆಯ ಪರಿಚಯವಿಲ್ಲ. ಕತ್ತಲೆ, ನಾಯಿಯ ಬೊಗಳು. ಯಜಮಾನನಿಗೆ ತೋಟಕ್ಕೆ ಏನೋ ನುಗ್ಗಿದಂತೆ ಕೇಳುತ್ತದೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕೋವಿ ಹಿಡಿದು ಅಂಗಳಕ್ಕಿಳಿಯುತ್ತಾನೆ. ಅವನಿಗೂ ಹೆದರಿಕೆ, ಪೊಲೀಸರಿಗೂ ಹೆದರಿಕೆ. ಹೆದರಿಸಿದವನು ಮಾತ್ರ ಕಂಬಳಿ ಹೊದ್ದು ಮಲಗಿರುತ್ತಾನೆ.

ಇದು ಬರೀ ಕಲ್ಪನೆಯಲ್ಲ. 2017ರ ಡಿಸೆಂಬರ್ 28ರಂದು ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ ನಡೆದದ್ದು. ಮೊಬೈಲಿನಲ್ಲಿ ನೀವೂ ಆಡುವ 'ಕಾಲ್ ಆಫ್ ಡ್ಯೂಟಿ' ಆಟದಲ್ಲಿ ಇಬ್ಬರಿಗೆ ಜಗಳ. ಪಂತದ ಹಣ ಒಂದೂವರೆ ಡಾಲರ್. ಒಬ್ಬ ತನ್ನ ಹಳೆಯ ವಿಳಾಸ ಕೊಟ್ಟ, ಇನ್ನೊಬ್ಬ ಲಾಸ್ ಏಂಜಲೀಸಿನ ಮೂರನೆಯವನನ್ನು ಹಿಡಿದ. ಆತ ಪೊಲೀಸರಿಗೆ ಫೋನು ಮಾಡಿ, "ಅಪ್ಪನಿಗೆ ಗುಂಡು ಹೊಡೆದಿದ್ದೇನೆ, ಉಳಿದವರನ್ನು ಒತ್ತೆ ಇಟ್ಟಿದ್ದೇನೆ" ಎಂದು ಬುರುಡೆ ಬಿಟ್ಟ. ಆ ಮನೆಯಲ್ಲಿದ್ದ 28 ವರ್ಷದ ಯುವಕನಿಗೆ ಆಟವೂ ಗೊತ್ತಿಲ್ಲ, ಜಗಳವೂ ಗೊತ್ತಿಲ್ಲ. ಹೊರಗೇನು ಗದ್ದಲವೆಂದು ಬಾಗಿಲು ತೆರೆದ. ರಸ್ತೆಯ ಆಚೆಯಿಂದ ಪೊಲೀಸನೊಬ್ಬ ಗುಂಡು ಹಾರಿಸಿದ. ಸುಳ್ಳು ಹೇಳಿದವನಿಗೆ 2019ರಲ್ಲಿ 20 ವರ್ಷ ಜೈಲಾಯಿತು. ಗುಂಡು ಹೊಡೆದವನ ಮೇಲೆ ಕ್ರಿಮಿನಲ್ ಮೊಕದ್ದಮೆಯೇ ಆಗಲಿಲ್ಲ. ನನಗೆ ಇಂದಿಗೂ ಅರಗದ ಮಾತು ಅದು. ಕೈಯಲ್ಲಿ ಆಯುಧ ಇದೆಯೋ ಇಲ್ಲವೋ ಎಂದು ನೋಡುವಷ್ಟು ತಾಳ್ಮೆ ಕೋವಿ ಹಿಡಿದವನಿಗೆ ಬೇಡವೇ?

ನಮ್ಮ ಕಡೆ ಹಾಗಾಗದು ಎನ್ನಬೇಡಿ. 2014ರ ಏಪ್ರಿಲ್‌ನಲ್ಲಿ ಶೃಂಗೇರಿ ಬಳಿಯ ತನಿಕೋಡಿನಲ್ಲಿ ನಕ್ಸಲ್ ನಿಗ್ರಹ ಪಡೆಯ ಗುಂಡಿಗೆ ಜೋಕಟ್ಟೆಯ ಯುವಕನೊಬ್ಬ ಸತ್ತ. ನಕ್ಸಲರೆಂದು ತಿಳಿದೆವು ಎಂಬುದು ಪಡೆಯವರ ಮಾತು. ಅಲ್ಲಿ ಸುಳ್ಳು ಫೋನೂ ಇರಲಿಲ್ಲ, ಬರೀ ಅನುಮಾನಕ್ಕೇ ಅಷ್ಟಾಯಿತು.

ಹಾಗೆಂದು ಪೊಲೀಸರು ಯಾವ ಫೋನನ್ನೂ ನಂಬದೆ ಕೂರಲಿಕ್ಕೆ ಆಗುತ್ತದಾ? ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹುಸಿ ಬಾಂಬ್ ಕರೆ ಮಾಡಿ ಜೈಲಿಗೆ ಹೋಗಿ ಬಂದವನೇ 2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ನಿಜವಾದ ಸ್ಫೋಟಕದ ಚೀಲ ಇಟ್ಟ. ಅವನಿಗೂ 20 ವರ್ಷ ಶಿಕ್ಷೆಯಾಗಿದೆ. 2023ರ ಫೆಬ್ರವರಿಯಲ್ಲಿ ನಮ್ಮದೇ ತಾಲೂಕಿನ ರೆಂಜಿಲಾಡಿಯಲ್ಲಿ ಆನೆ ಇಬ್ಬರನ್ನು ಕೊಂದದ್ದು ನೆನಪಿದೆಯಲ್ಲ? ಅಂಥ ಹೊತ್ತಿನಲ್ಲಿ ಗಾಡಿ ನಿಮ್ಮ ಗಮ್ಮತ್ತು ನೋಡಲು ಹೋಗಿದ್ದರೆ?

ಕಾನೂನೂ ತಿಳಿದಿರಲಿ. ಸುಳ್ಳು ಮಾಹಿತಿ ಕೊಟ್ಟವನಿಗೆ ಭಾರತೀಯ ನ್ಯಾಯ ಸಂಹಿತೆಯ 217ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪೊಲೀಸರಿಗೂ ಮಿತಿ ಇದೆ: ಹಿಡಿದವನು ಓಡಿಹೋಗದಿರಲು ಎಷ್ಟು ಬೇಕೋ ಅಷ್ಟೇ ಬಿಗಿ. ಬಡಿದು ಬುದ್ಧಿ ಕಲಿಸುವ ಅಧಿಕಾರ ಯಾವ ಸೆಕ್ಷನ್ನಿನಲ್ಲೂ ಇಲ್ಲ.

ಯಾರದೋ ಸುಳ್ಳಿಗೆ ನಿಮ್ಮ ಮನೆಗೇ ಪೊಲೀಸರು ಬಂದರೆ, ಕೋವಿ ಕತ್ತಿ ಮುಟ್ಟಬೇಡಿ. ಅಂಗಳದ ಲೈಟು ಹಾಕಿ, ಬರಿಗೈ ಕಾಣುವ ಹಾಗೆ ಹೊರಗೆ ಬನ್ನಿ. ಅಲ್ಲಿ ಗಲಾಟೆ ಬೇಡ. ಎದೆಯ ಮೇಲಿನ ಹೆಸರು ನೋಡಿಟ್ಟುಕೊಳ್ಳಿ. ಕರೆದೊಯ್ದರೆ ಮನೆಯವರಿಗೆ ತಿಳಿಸಬೇಕು, ಬಂಧನದ ಕಾಗದಕ್ಕೆ ಮನೆಯವರದೋ ಊರಿನ ಹಿರಿಯರದೋ ಸಾಕ್ಷಿ ಸಹಿ ಆಗಬೇಕು. ವಾದ ಮಾಡಲಿಕ್ಕೆ ಮರುದಿನ ವಕೀಲರಿದ್ದಾರೆ.

ಮತ್ತೆ, ಇಷ್ಟು ಕೇಳಿ ಹೆದರಿ ನಿಜವಾದ ಆಪತ್ತಿಗೂ ಫೋನು ಮಾಡದೆ ಇರಬೇಡಿ. ಈಗಿನ ಮೊಬೈಲುಗಳಲ್ಲಿ ಪವರ್ ಬಟನ್ ಪದೇ ಪದೇ ಒತ್ತಿದರೂ 112ಕ್ಕೆ ಕರೆ ಹೋಗುವುದುಂಟು. ಹಾಗೆ ಕೈತಪ್ಪಿ ಹೋದರೆ ಕಟ್ ಮಾಡಿ ಅಡಗಬೇಡಿ. "ತಪ್ಪಿ ಬಂತು ಸಾರ್, ಇಲ್ಲಿ ಏನೂ ಆಗಲಿಲ್ಲ" ಎಂದು ಹೇಳಿಯೇ ಫೋನು ಇಡಿ.