ವೈದ್ಯಕೀಯದಲ್ಲಿ ಲಾಭದ ಲೆಕ್ಕ

ಸೀರೆ ಕೊಳ್ಳುವವರು ನಾಲ್ಕು ಅಂಗಡಿ ಸುತ್ತಿ, ಬಟ್ಟೆಯನ್ನು ಮುಟ್ಟಿ ನೋಡಿ, ಬೆಲೆ ಒಪ್ಪದಿದ್ದರೆ ಹಿಂತಿರುಗುವರು. ರೋಗಿಗೆ ಈ ಸ್ವಾತಂತ್ರ್ಯವಿಲ್ಲ. ತನಗೆ ಯಾವ ಚಿಕಿತ್ಸೆ ಬೇಕೆಂಬುದನ್ನು ಆತನು ಅರಿಯನು. ಅದನ್ನು ನಿರ್ಧರಿಸುವವರು ವೈದ್ಯರು. ಆ ನಿರ್ಧಾರದಿಂದ ಅವರಿಗೋ ಅವರ ಆಸ್ಪತ್ರೆಗೋ ಆದಾಯ ಬರುವುದಾದರೆ, ರೋಗಿಯ ಹಿತವು ಹಿಂದೆ ಬೀಳುವ ಸಂಭವವುಂಟು. ಪ್ರಾಮಾಣಿಕ ವೈದ್ಯರು ನಮ್ಮಲ್ಲಿ ಅನೇಕರಿದ್ದಾರೆ. ಆದರೂ ಈ ಅಪಾಯವನ್ನು ನಾವು ತಿಳಿದಿರುವುದು ಅವಶ್ಯ.

2024ರ ನವೆಂಬರಿನಲ್ಲಿ ನಮ್ಮ ಗುಜರಾತಿನಲ್ಲೇ ನಡೆದ ಘಟನೆಯನ್ನು ನೋಡೋಣ. ಮೆಹಸಾಣಾ ಜಿಲ್ಲೆಯ ಬೋರಿಸಣಾ ಗ್ರಾಮದಲ್ಲಿ ಉಚಿತ ತಪಾಸಣಾ ಶಿಬಿರ ನಡೆಸಿ, 19 ಜನರನ್ನು ಅಹಮದಾಬಾದಿನ ಖ್ಯಾತಿ ಆಸ್ಪತ್ರೆಗೆ ಕರೆತರಲಾಯಿತು. ಅವರಲ್ಲಿ ಏಳು ಮಂದಿಗೆ ಆಂಜಿಯೋಪ್ಲಾಸ್ಟಿ ನಡೆಯಿತು, ಇಬ್ಬರು ಮೃತಪಟ್ಟರು. ಸರಕಾರಿ ಆರೋಗ್ಯ ಯೋಜನೆಯ ಹಣಕ್ಕಾಗಿ ಅನಗತ್ಯ ಚಿಕಿತ್ಸೆ ಮಾಡಲಾಯಿತೆಂಬ ಆರೋಪದ ಮೇಲೆ ಮೊಕದ್ದಮೆ ದಾಖಲಾಗಿ, ಬಂಧನಗಳಾದವು. ಆಸ್ಪತ್ರೆಯನ್ನು ಯೋಜನೆಯಿಂದ ತೆಗೆದುಹಾಕಲಾಯಿತು.

ಇಲ್ಲಿ ಕಲಿಯಬೇಕಾದ ಪಾಠವೊಂದಿದೆ. ರೋಗಿಗೆ ಉಚಿತವಾದುದು ಆಸ್ಪತ್ರೆಗೆ ಉಚಿತವಲ್ಲ. ಮಾಡಿದ ಪ್ರತಿಯೊಂದು ಚಿಕಿತ್ಸೆಗೂ ಸರಕಾರವೋ ವಿಮಾ ಕಂಪನಿಯೋ ಹಣ ತೆರುತ್ತದೆ. ಆದ್ದರಿಂದ ಹೆಚ್ಚು ಚಿಕಿತ್ಸೆ ಮಾಡುವ ಆಕರ್ಷಣೆ ಅಲ್ಲಿಯೂ ಇದ್ದೇ ಇದೆ.

ಆಂಜಿಯೋಪ್ಲಾಸ್ಟಿ ಎಂದರೆ ಹೃದಯದ ಕಿರಿದಾದ ರಕ್ತನಾಳವನ್ನು ಹಿಗ್ಗಿಸುವ ಕ್ರಮ. ಹಿಗ್ಗಿದ ನಾಳದಲ್ಲಿ ಸಾಮಾನ್ಯವಾಗಿ ಸ್ಟೆಂಟ್ ಎಂಬ ಲೋಹದ ಜಾಲರಿಯನ್ನು ಇಡುತ್ತಾರೆ. ಹೃದಯಾಘಾತವಾದಾಗ ಇದು ಪ್ರಾಣವನ್ನು ಉಳಿಸುತ್ತದೆ. ಆಗ ಒಂದು ಕ್ಷಣವೂ ತಡಮಾಡಬಾರದು. ಆದರೆ ಶ್ರಮಪಟ್ಟಾಗ ಮಾತ್ರ ಬರುವ, ಸ್ಥಿರವಾದ ಎದೆನೋವಿನಲ್ಲಿ ಸ್ಥಿತಿ ಬೇರೆ. ಅಂಥ ರೋಗಿಗಳಲ್ಲಿ ಉತ್ತಮ ಔಷಧೋಪಚಾರಕ್ಕೆ ಸ್ಟೆಂಟನ್ನು ಸೇರಿಸಿದ್ದರಿಂದ ಮರಣವಾಗಲಿ ಹೃದಯಾಘಾತವಾಗಲಿ ಕಡಿಮೆಯಾಗಲಿಲ್ಲವೆಂದು 2007ರ ‘ಕರೇಜ್’ ಅಧ್ಯಯನವು ತೋರಿಸಿತು. ಅಂದರೆ ಇಂಥವರಿಗೆ ವಿಚಾರಿಸಲು ಕಾಲಾವಕಾಶವಿದೆ.

ಬೆಲೆಯ ಪ್ರಶ್ನೆಯೂ ಇದೆ. ಲಕ್ಷ ರೂಪಾಯಿ ದಾಟುತ್ತಿದ್ದ ಔಷಧಲೇಪಿತ ಸ್ಟೆಂಟಿಗೆ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರವು 2017ರ ಫೆಬ್ರವರಿಯಲ್ಲಿ 29,600 ರೂಪಾಯಿಗಳ ಮಿತಿ ಹಾಕಿತು. ಕಡಿಮೆ ಬೆಲೆಯಲ್ಲಿ ಔಷಧ ಒದಗಿಸಬಹುದೆಂಬುದಕ್ಕೆ ನಮ್ಮ ವಡೋದರೆಯೇ ಸಾಕ್ಷಿ. 1983ರಲ್ಲಿ ಇಲ್ಲಿ ಆರಂಭವಾದ ‘ಲೋಕಾಸ್ಟ್’ ಎಂಬ ಧರ್ಮಾರ್ಥ ಸಂಸ್ಥೆಯು ಅವಶ್ಯಕ ಔಷಧಗಳನ್ನು ಮೂಲ ಹೆಸರಿನಲ್ಲೇ ತಯಾರಿಸಿ, ಬಡವರ ಸೇವೆಯಲ್ಲಿರುವ ಆರೋಗ್ಯ ಸಂಸ್ಥೆಗಳಿಗೆ ಒದಗಿಸುತ್ತ ಬಂದಿದೆ.

ಹಾಗಾದರೆ ನಾವು ಮಾಡಬೇಕಾದುದೇನು?

1. ತುರ್ತಲ್ಲದ ಶಸ್ತ್ರಚಿಕಿತ್ಸೆಗೆ ಮುನ್ನ, ಆ ಆಸ್ಪತ್ರೆಗೆ ಸಂಬಂಧಿಸದ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ.

2. “ಈಗಲೇ ಮಾಡಿಸದಿದ್ದರೆ ಏನಾಗುವುದು? ಔಷಧದಿಂದ ಸಾಧ್ಯವಿಲ್ಲವೇ?” ಎಂದು ಸಂಕೋಚವಿಲ್ಲದೆ ಕೇಳಿರಿ.

3. ದಾಖಲೆಗಳ ಪ್ರತಿಯನ್ನು ಕೇಳಿ ಪಡೆಯಿರಿ. 2002ರ ವೈದ್ಯಕೀಯ ನೀತಿ ನಿಯಮಗಳಂತೆ ಅದನ್ನು 72 ಗಂಟೆಗಳೊಳಗೆ ಕೊಡತಕ್ಕದ್ದು. ರೋಗಿಯನ್ನು ಕಳುಹಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನೂ ಅದೇ ನಿಯಮಗಳು ನಿಷೇಧಿಸಿವೆ.

4. ಊರಿನಿಂದ ಬಂದ ನಮ್ಮ ಹಿರಿಯರಲ್ಲಿ ಅನೇಕರು ಗುಜರಾತಿಯನ್ನಾಗಲಿ ಇಂಗ್ಲಿಷನ್ನಾಗಲಿ ಓದಲಾರರು. ಒಪ್ಪಿಗೆ ಪತ್ರಕ್ಕೆ ಅವರು ರುಜು ಹಾಕುವ ಮುನ್ನ, ಭಾಷೆ ಬಲ್ಲವರೊಬ್ಬರು ಜೊತೆಗಿದ್ದು ಅದನ್ನು ಕನ್ನಡದಲ್ಲಿ ವಿವರಿಸಲಿ.

ಈ ಕೊನೆಯ ಕೆಲಸಕ್ಕೆ ಹಣ ಬೇಕಿಲ್ಲ. ಅರ್ಧ ದಿನದ ಬಿಡುವು ಮಾಡಿಕೊಳ್ಳಬಲ್ಲ ಕೆಲವು ಸದಸ್ಯರಿದ್ದರೆ ನಮ್ಮ ಸಂಘವೇ ಇದನ್ನು ನಡೆಸಬಹುದು. ಪರಊರಿನಲ್ಲಿ ಕನ್ನಡಿಗನಿಗೆ ಕನ್ನಡಿಗನು ಮಾಡಬಹುದಾದ ದೊಡ್ಡ ಉಪಕಾರಗಳಲ್ಲಿ ಇದೂ ಒಂದು.