ಎಐಯಲ್ಲಿ ಉತ್ತರ ಕೇಳಬೇಡಿ, ಪ್ರಶ್ನೆ ಕೇಳಿ



2022ರ ನವೆಂಬರ್ ತಿಂಗಳಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎಐ, ಅಂದರೆ ಕೃತಕ ಬುದ್ಧಿಮತ್ತೆ, ನಮ್ಮ ಮನೆಯ ಫೋನಿಗೂ ಬಂದು ಮುಟ್ಟಿದೆ. ಕನ್ನಡದಲ್ಲಿ ಕೇಳಿದರೂ ಉತ್ತರ ಕೊಡುತ್ತದೆ. ಹೋಮ್‌ವರ್ಕಿನ ಪ್ರಶ್ನೆ ಹಾಕಿದರೆ ಒಂದು ಪುಟ ತಯಾರು! ಹಾಗಾದರೆ ನಾವು ಓದುವುದು ಎಂತಕ್ಕೆ ಎಂದು ಕೆಲವರು ಕೇಳುತ್ತಾರೆ.

ಇದಕ್ಕೆ ಉತ್ತರ ಟರ್ಕಿ ದೇಶದಲ್ಲಿ ಸಿಕ್ಕಿದೆ. ಅಲ್ಲಿ 2023ರಲ್ಲಿ ಸುಮಾರು 1000 ಹೈಸ್ಕೂಲು ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಎಐ ಬಳಸಿ ಗಣಿತ ಅಭ್ಯಾಸ ಮಾಡಿದವರು ಅಭ್ಯಾಸದ ಲೆಕ್ಕಗಳಲ್ಲಿ ಶೇಕಡಾ 48ರಷ್ಟು ಹೆಚ್ಚು ಅಂಕ ಪಡೆದರು. ಆದರೆ ಪರೀಕ್ಷೆಯಲ್ಲಿ ಎಐ ಇರಲಿಲ್ಲ. ಆಗ ಅವರ ಅಂಕ, ಎಐಯನ್ನು ಮುಟ್ಟದೆ ಓದಿದವರಿಗಿಂತ ಶೇಕಡಾ 17ರಷ್ಟು ಕಡಿಮೆ! ಇನ್ನೊಂದು ಗುಂಪಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವ ಎಐ ಕೊಟ್ಟಿದ್ದರು. ಅವರಿಗೆ ಅಷ್ಟು ನಷ್ಟ ಆಗಲಿಲ್ಲ. ನಮ್ಮ ಎಸ್ಸೆಸ್ಸೆಲ್ಸಿ ಹಾಲಿಗೂ ಫೋನು ಬಿಡುವುದಿಲ್ಲವಲ್ಲ!

ಹಾಗಾಗಿ ನಾನು ಮಾಡುವ ಕ್ರಮ ಹೇಳುತ್ತೇನೆ. ಮೊದಲು ಪಾಠ ಓದಿ ಪುಸ್ತಕ ಮುಚ್ಚುವುದು. ಮತ್ತೆ ಎಐಗೆ ಹೀಗೆ ಬರೆಯುವುದು: "ನಾನು ಒಂಬತ್ತನೇ ತರಗತಿ. ಸಮಾಸದ ಮೇಲೆ ಐದು ಪ್ರಶ್ನೆ ಒಂದೊಂದಾಗಿ ಕೇಳು. ಉತ್ತರ ಹೇಳಬೇಡ. ತಪ್ಪಿದರೆ ಸುಳಿವು ಮಾತ್ರ ಕೊಡು." ಅದು "ಮುಕ್ಕಣ್ಣ ಯಾವ ಸಮಾಸ?" ಎಂದು ಕೇಳುತ್ತದೆ. ನಾವು ನೋಟ್ಸಿನಲ್ಲಿ ಬಿಡಿಸಿ ಬರೆದು, ಬಹುವ್ರೀಹಿ ಎಂದು ಹೇಳಬೇಕು. ಬರೆಯದೆ ಬಾಯಲ್ಲೇ ಹೇಳಿದರೆ ಗೊತ್ತಿದ್ದ ಹಾಗೆ ಕಾಣುತ್ತದೆ ಅಷ್ಟೆ.

ತಪ್ಪಿದ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದಿಡಿ. ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ನೋಡಿ. ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಹೆಚ್ಚು ಮರೆತುಹೋಗುತ್ತದೆ ಎಂದು ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿಜ್ಞಾನಿ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಬರೆದಿದ್ದಾರೆ. ಅರ್ಥವಿಲ್ಲದ ಅಕ್ಷರಗಳನ್ನು ಕುಳಿತು ಬಾಯಿಪಾಠ ಮಾಡಿದರಂತೆ, ಎಂಥಾ ತಾಳ್ಮೆ!

ಈಗ ಕಷ್ಟದ ವಿಷಯ. ದಿನಾ ಮಾಡುವುದು ಹೇಗೆ? ಲಂಡನ್ನಿನಲ್ಲಿ 96 ಜನರನ್ನು ನೋಡಿದಾಗ ಒಂದು ಹೊಸ ಅಭ್ಯಾಸ ತಾನಾಗಿ ಬರಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕೆಂದು ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ತೊಂದರೆ ಇಲ್ಲವಂತೆ. ಇದು ನಮಗೆ ಸಮಾಧಾನದ ಮಾತು. ಯಾಕೆಂದರೆ ಮಳೆಗಾಲದಲ್ಲಿ ಗಾಳಿ ಬಂದರೆ ಕರೆಂಟು ಹೋಯಿತು, ಕರೆಂಟು ಹೋದರೆ ಟವರೂ ಹೋಯಿತು. ಕೆಲವು ಮನೆಗಳಲ್ಲಿ ಗುಡ್ಡೆ ಹತ್ತಿದರೆ ಮಾತ್ರ ನೆಟ್‌ವರ್ಕ್. ಫೋನು ಸಿಗುವುದೂ ಅಪ್ಪ ತೋಟದಿಂದ ಬಂದು ಊಟ ಆದ ಮೇಲೆ. ಆದ್ದರಿಂದ ಅಭ್ಯಾಸವನ್ನು ಫೋನಿಗೆ ಕಟ್ಟಬೇಡಿ, ಹೊತ್ತಿಗೆ ಕಟ್ಟಿ. ಸಂಜೆ ಕೈಕಾಲು ತೊಳೆದು ಚಾ ಕುಡಿದ ಕೂಡಲೇ ಕಾಲು ಗಂಟೆ ಚೀಟಿ ನೋಡುವುದು. ಫೋನು ಸಿಕ್ಕಿದ ದಿನ ಹೊಸ ಪ್ರಶ್ನೆ, ಸಿಗದ ದಿನ ಹಳೆ ಚೀಟಿ. ಮನೆಯಲ್ಲಿ ಅಂಥ ಫೋನೇ ಇಲ್ಲದವರು ಗೆಳೆಯರ ಚೀಟಿ ಬದಲಾಯಿಸಿಕೊಂಡರೂ ಆಯಿತು.

ಎಐ ಹೇಳಿದ್ದೆಲ್ಲ ಸರಿ ಎಂದು ನಂಬಬಾರದು. ಸುಳ್ಯದ ಪಯಸ್ವಿನಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದಕ್ಕೆ ಒಂದು ಆ್ಯಪ್ ನೇತ್ರಾವತಿಗೆ ಸೇರಿಸಿಬಿಟ್ಟಿತು! ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುವುದು ಕುಮಾರಧಾರೆ. ಪಯಸ್ವಿನಿ ಕಾಸರಗೋಡಿನ ಕಡೆ ಹರಿದು ಚಂದ್ರಗಿರಿ ಹೊಳೆಯನ್ನು ಸೇರುತ್ತದೆ. ಪಾಠಪುಸ್ತಕ ನೋಡಿ, ಇಲ್ಲದಿದ್ದರೆ ಟೀಚರಲ್ಲಿ ಕೇಳಿ. ಚೀಟಿಗೆ ಹಳೆ ಮದುವೆ ಕಾಗದ ಒಳ್ಳೆಯದು, ಹಿಂಬದಿ ಖಾಲಿ ಇರುತ್ತದೆ. ಬೇಕಾದವರು ನನ್ನಲ್ಲಿ ಕೇಳಿ, ಒಂದು ಕಟ್ಟು ಉಂಟು.