ಮಳೆ ನಿಂತ ಮರುದಿನ ಸೈಕಲ್ ಸವಾರಿ

ಪ್ರಶ್ನೆ: ಸಕಲೇಶಪುರದ ಸುತ್ತಲಿನ ಗುಡ್ಡದ ಹಾದಿಗಳಲ್ಲಿ ಗೆಳೆಯರೊಂದಿಗೆ ಮೌಂಟೇನ್ ಬೈಕ್ ಓಡಿಸುತ್ತೇನೆ. ಜೋರು ಮಳೆಯಾದ ಮರುದಿನವೇ ಹೋಗಬಹುದೇ?

ಉತ್ತರ: ಆಕಾಶ ತಿಳಿಯಾದರೆ ಸಾಲದು, ನೆಲ ನೋಡಿ ನಿರ್ಧರಿಸಿ. ಹಾದಿಯ ಆರಂಭದಲ್ಲೇ ಸ್ವಲ್ಪ ದೂರ ಓಡಿಸಿ, ಹಿಂತಿರುಗಿ ನೋಡಿ. ಚಕ್ರದ ಗುರುತು ಆಳವಾಗಿ ಮೂಡಿದ್ದರೆ, ಟೈರಿಗೆ ಕೆಸರು ಮೆತ್ತಿಕೊಂಡಿದ್ದರೆ ಅಂದು ಆ ಹಾದಿ ಬೇಡ. ಆ ಗುರುತಿನಲ್ಲೇ ಮುಂದಿನ ಮಳೆಯ ನೀರು ಹರಿದು ಕೊರಕಲಾಗುತ್ತದೆ. ಜೇಡಿ ಬೆರೆತ ಕೆಮ್ಮಣ್ಣು ಒಣಗಲು ದಿನಗಳೇ ಬೇಕು. ಜಲ್ಲಿ, ಮರಳು ಇರುವ ಹಾದಿ ಬೇಗ ಗಟ್ಟಿಯಾಗುತ್ತದೆ. ಅಂಥದ್ದನ್ನೇ ಆರಿಸಿಕೊಳ್ಳಿ.

ಟೈರಿನ ಗಾಳಿ ತುಸು ಇಳಿಸಿದರೆ ಹಿಡಿತ ಹೆಚ್ಚುತ್ತದೆ. ಒದ್ದೆ ಬೇರು, ಪಾಚಿಗಟ್ಟಿದ ಬಂಡೆಗಳನ್ನು ಆದಷ್ಟು ನೇರವಾಗಿ ದಾಟಿ. ಅವುಗಳ ಮೇಲೆ ಬ್ರೇಕ್ ಹಿಡಿಯಬೇಡಿ, ತಿರುಗಿಸಬೇಡಿ. ವೇಗವನ್ನು ಮೊದಲೇ ತಗ್ಗಿಸಿ. ಹಾದಿಯಲ್ಲಿ ಸಣ್ಣ ಹೊಂಡ ಸಿಕ್ಕರೆ ಇಳಿದು, ಸೈಕಲ್ ತಳ್ಳಿಕೊಂಡು ನಡುವೆಯೇ ದಾಟಿ; ಬದಿಯಿಂದ ಸುತ್ತಿ ಹೋದರೆ ಹಾದಿ ಅಗಲವಾಗಿ ಗಿಡಗಳು ಸಾಯುತ್ತವೆ. ತುಂಬಿ ಹರಿಯುವ ಹಳ್ಳಕ್ಕೆ ಮಾತ್ರ ಇಳಿಯಲೇಬೇಡಿ. ಧರೆ ಕುಸಿದಿರುವ ಕಡೆಯಿಂದ ತಕ್ಷಣ ಹಿಂತಿರುಗಿ.

ಮನೆಗೆ ಬಂದ ಮೇಲೆ ಸೈಕಲ್ಲನ್ನು ಮೆಲ್ಲಗೆ ನೀರು ಹಾಕಿ ತೊಳೆಯಿರಿ. ರಭಸದ ನೀರು ಬೇರಿಂಗಿನೊಳಗೆ ಹೊಕ್ಕು ಗ್ರೀಸನ್ನು ಹಾಳುಮಾಡುತ್ತದೆ. ಚೈನನ್ನು ಒರೆಸಿ ಎಣ್ಣೆ ಬಿಡಿ. ಡಿಸ್ಕ್‌ಗೆ ಮಾತ್ರ ಎಣ್ಣೆ ತಾಗಬಾರದು, ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ.

ಅರಣ್ಯ ಇಲಾಖೆಯ ಜಾಗವಾದರೆ ಅನುಮತಿ, ತೋಟವಾದರೆ ಮಾಲೀಕರ ಒಪ್ಪಿಗೆ ಪಡೆಯಿರಿ. ಸಂದೇಹವಿದ್ದರೆ ಎರಡು ದಿನ ತಡೆಯಿರಿ. ಹಾದಿ ಉಳಿದರೆ ಸವಾರಿ ಎಂದಾದರೂ ಮಾಡಬಹುದು.